ಶುಗರ್‌ಗೆ ಪಥ್ಯವೋ, ಇಂಜೆಕ್ಷನ್ನೋ, ಆಪರೇಷನ್ನೋ?

ಈ ವರ್ಷ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಹಾಸನದ ಕಡೆಯ ಒಬ್ಬ ಶಿಕ್ಷಕಿ: ವಯಸ್ಸು 38, ಶುಗರ್ ಬಂದು ಮೂರು ವರ್ಷ, ಎತ್ತರ 165 ಸೆಂ.ಮೀ., ತೂಕ 92 ಕೆ.ಜಿ. ದಾವಣಗೆರೆಯ ಒಬ್ಬ ಅಂಗಡಿ ಮಾಲೀಕರು: 56 ವರ್ಷ, ಹದಿನಾಲ್ಕು ವರ್ಷದ ಶುಗರ್, ದಿನಕ್ಕೆರಡು ಹೊತ್ತು ಇನ್ಸುಲಿನ್, 168 ಸೆಂ.ಮೀ., 79 ಕೆ.ಜಿ. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ: 33 ವರ್ಷ, ಶುಗರ್ ಗೊತ್ತಾಗಿ ಎಂಟು ತಿಂಗಳು, 172 ಸೆಂ.ಮೀ., 83 ಕೆ.ಜಿ. ‘ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡ್ರೆ ಶುಗರ್ ಹೋಗುತ್ತಂತೆ, ಹೌದಾ? ಮಾಡಿಸ್ಕೊಳ್ಳಲಾ?’ ಮೂವರದ್ದೂ ಇದೇ ಮಾತು.

ನಾನು ವೈದ್ಯನಲ್ಲ. ಆರು ವರ್ಷದ ಹಿಂದೆ ನನ್ನ ಅಕ್ಕನಿಗೆ ಸ್ಲೀವ್ ಆಪರೇಷನ್, ಅಂದರೆ ಜಠರದ ದೊಡ್ಡ ಭಾಗ ಕತ್ತರಿಸಿ ತೆಗೆಯುವ ಆಪರೇಷನ್ ಆಯಿತು. ಅಂದಿನಿಂದ ಅವಳ ಫೈಲ್ ಹಿಡಿದು ಓಡಾಡಿದವನು ನಾನೇ. ಆಪರೇಷನ್‌ಗೆ ಮೊದಲು ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಂದು ಅನಿಸಿದ ಸಂಗತಿಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯ ಮಾತು ನಿಮ್ಮ ವೈದ್ಯರದ್ದು, ನಿಮ್ಮದು.

‘ಶುಗರ್ ಹೋಗುತ್ತದೆ’ ಎಂಬ ಮಾತನ್ನು ಮೊದಲು ಸರಿಮಾಡಿಕೊಳ್ಳೋಣ. ವೈದ್ಯರು ಇದನ್ನು ರೆಮಿಷನ್ ಅನ್ನುತ್ತಾರೆ, ಕನ್ನಡದಲ್ಲಿ ಉಪಶಮನ. ಶುಗರ್‌ನ ಮಾತ್ರೆ, ಇಂಜೆಕ್ಷನ್ ಎಲ್ಲ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, 6.5ಕ್ಕಿಂತ ಕಡಿಮೆ ಇದ್ದರೆ ಅದು ಉಪಶಮನ. ಇದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡ ವ್ಯಾಖ್ಯೆ. ಕಾಯಿಲೆ ಮಲಗಿದೆ, ಮತ್ತೆ ಏಳಬಹುದು ಎಂಬ ಅರ್ಥ ಆ ಪದದಲ್ಲೇ ಇದೆ. ಅಕ್ಕನಿಗೆ ನಾಲ್ಕು ವರ್ಷ ಒಂದು ಮಾತ್ರೆಯೂ ಬೇಕಾಗಿರಲಿಲ್ಲ. ಈಗ ರಾತ್ರಿ ಒಂದು ಮೆಟ್‌ಫಾರ್ಮಿನ್ ಇದೆ. ಅವಳು ಅದನ್ನು ಸೋಲು ಅಂದುಕೊಂಡಿಲ್ಲ. ನಾನೂ ಅಂದುಕೊಂಡಿಲ್ಲ. ಹಿಂದೆ ಮೂರು ಬಗೆಯ ಮಾತ್ರೆ ನುಂಗಿಯೂ ಅವಳ ಸರಾಸರಿ 9ರ ಮೇಲಿರುತ್ತಿತ್ತು.

ಯಾವುದರಿಂದ ಅಳೆಯಬೇಕು

ಎಲ್ಲರೂ ತೂಕದಿಂದ ಶುರುಮಾಡುತ್ತಾರೆ. ನಾನಾದರೆ ವರ್ಷದಿಂದ ಶುರುಮಾಡುತ್ತೇನೆ. ಶುಗರ್ ಬಂದು ಎಷ್ಟು ವರ್ಷ ಆಯಿತು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಶಕ್ತಿ ಇನ್ನೆಷ್ಟು ಉಳಿದಿದೆ ಎಂಬುದೇ ಇಡೀ ಲೆಕ್ಕದ ತಳಪಾಯ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ನಡೆದ ಸ್ಟ್ಯಾಂಪೀಡ್ ಎಂಬ ಹೆಸರಾಂತ ಅಧ್ಯಯನದಲ್ಲಿ 150 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದ್ದರು: ಬರೀ ಔಷಧ, ಔಷಧದ ಜೊತೆ ಬೈಪಾಸ್ (ಹೃದಯದ್ದಲ್ಲ, ಊಟದ ದಾರಿ ಬದಲಿಸುವ ಜಠರದ ಆಪರೇಷನ್), ಔಷಧದ ಜೊತೆ ಸ್ಲೀವ್. ಐದು ವರ್ಷದ ಕೊನೆಗೆ ಸರಾಸರಿ 6ಕ್ಕೆ ಅಥವಾ ಅದಕ್ಕೂ ಕೆಳಗೆ ಇದ್ದವರು ಔಷಧದ ಗುಂಪಿನಲ್ಲಿ ಶೇ. 5, ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23. ಈ ಫಲ ಹೆಚ್ಚಾಗಿ ಸಿಕ್ಕಿದ್ದು ಶುಗರ್ ಬಂದು ಎಂಟು ವರ್ಷದ ಒಳಗಿದ್ದವರಿಗೆ. ಆರಂಭದ ತೂಕ ಅಲ್ಲಿ ಅಷ್ಟು ದೊಡ್ಡ ಪಾತ್ರ ವಹಿಸಲಿಲ್ಲ.

ಗ್ರಂಥಿಯ ಶಕ್ತಿ ತಿಳಿಯಲು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಇದೆ. ಆಪರೇಷನ್ ಬಗ್ಗೆ ಮಾತು ಶುರುವಾಗುವ ಮೊದಲೇ ಇದನ್ನು ಮಾಡಿಸಿ. ಸಣಕಲು ಮೈಯವರಿಗೆ, ಬೇಗನೆ ಇನ್ಸುಲಿನ್ ಬೇಕಾದವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ದೊಡ್ಡವರಲ್ಲಿ ನಿಧಾನವಾಗಿ ಬರುವ ಟೈಪ್ 1 ಬಗೆಯ (ಗ್ರಂಥಿಯ ಇನ್ಸುಲಿನ್ನೇ ಬತ್ತಿಹೋಗುವ) ಶುಗರನ್ನು ಸಾಮಾನ್ಯವಾಗಿ ಕಾಣುವ ಟೈಪ್ 2 ಎಂದುಕೊಂಡು ವರ್ಷಗಟ್ಟಲೆ ಚಿಕಿತ್ಸೆ ಮಾಡುವುದುಂಟು. ಅಂಥವರ ಶುಗರ್ ಆಪರೇಷನ್‌ನಿಂದ ನಿಲ್ಲುವುದಿಲ್ಲ.

ಎರಡನೆಯ ಅಳತೆ ಬಿಎಂಐ. ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಒಳಗೆ, ಲಿವರ್‌ನಲ್ಲಿ ಕೊಬ್ಬು ಸೇರುವುದರಿಂದ ಏಷ್ಯಾದವರ ಗಡಿಯನ್ನು 2.5ರಷ್ಟು ಕೆಳಗಿಟ್ಟಿದ್ದಾರೆ. 2016ರಲ್ಲಿ ಹಲವು ಅಂತರರಾಷ್ಟ್ರೀಯ ಮಧುಮೇಹ ಸಂಘಗಳು ಒಪ್ಪಿದ ಮಾರ್ಗಸೂಚಿಯ ಪ್ರಕಾರ ಏಷ್ಯಾದವರಲ್ಲಿ 37.5 ದಾಟಿದ ಶುಗರ್ ರೋಗಿಗಳಿಗೆ ಆಪರೇಷನ್ ಶಿಫಾರಸು ಮಾಡಬೇಕು, 32.5 ದಾಟಿ ಶುಗರ್ ಹತೋಟಿಗೆ ಬಾರದವರಿಗೂ ಶಿಫಾರಸು ಮಾಡಬೇಕು, 27.5ರಿಂದ 32.5ರ ನಡುವಿನವರಿಗೆ ಔಷಧದಿಂದ ಹತೋಟಿಗೆ ಬಾರದಿದ್ದರೆ ಪರಿಗಣಿಸಬಹುದು. 165 ಸೆಂ.ಮೀ. ಎತ್ತರದವರ ಲೆಕ್ಕದಲ್ಲಿ 27.5 ಅಂದರೆ ಸುಮಾರು 75 ಕೆ.ಜಿ., 32.5 ಅಂದರೆ ಸುಮಾರು 88, 37.5 ಅಂದರೆ 102.

ಈಗ ಮೂವರನ್ನು ನೋಡಿ. ಶಿಕ್ಷಕಿಯದ್ದು 33.8. ಅಂಗಡಿ ಮಾಲೀಕರದ್ದೂ ಆ ಹುಡುಗನದ್ದೂ ಎರಡೂ 28ರ ಆಸುಪಾಸು. ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ. ಆದರೆ ಒಬ್ಬರಿಗೆ ಎಂಟು ತಿಂಗಳು, ಇನ್ನೊಬ್ಬರಿಗೆ ಹದಿನಾಲ್ಕು ವರ್ಷ. ಇಬ್ಬರಿಗೂ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ.

ಮೂರನೆಯದು ಎದೆಯುರಿ. ಹುಳಿತೇಗು, ರಾತ್ರಿ ಮಲಗಿದರೆ ಗಂಟಲಿಗೆ ಹುಳಿನೀರು ಬರುವುದು ಇದೆಯೇ ಎಂಬುದರ ಮೇಲೆ ಯಾವ ಆಪರೇಷನ್ ಎಂಬುದು ನಿಲ್ಲುತ್ತದೆ. ನಾಲ್ಕನೆಯದು, ಜೀವಮಾನವಿಡೀ ವಿಟಮಿನ್ ನುಂಗಿ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವ ಶಿಸ್ತು ನಿಮ್ಮಲ್ಲಿದೆಯೇ, ಊರಿನಿಂದ ಆಸ್ಪತ್ರೆ ಎಷ್ಟು ದೂರ. ಐದನೆಯದು ದುಡ್ಡು. ಅದಕ್ಕೆ ಆಮೇಲೆ ಬರುತ್ತೇನೆ.

ಕಟ್ಟುನಿಟ್ಟಿನ ಪಥ್ಯ

ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ಮುಂದಾಳತ್ವದಲ್ಲಿ ನಡೆದ ಡೈರೆಕ್ಟ್ ಅಧ್ಯಯನ ಇದರ ಆಧಾರ. ಶುಗರ್ ಬಂದು ಆರು ವರ್ಷ ಮೀರದ, ಇನ್ಸುಲಿನ್ ಶುರುವಾಗದ ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟರು, ಅದೂ ಪುಡಿ ಕಲಸಿದ ಪಾನೀಯದ ರೂಪದಲ್ಲಿ. ವರ್ಷದ ಕೊನೆಗೆ ಶೇ. 46 ಜನರಿಗೆ ಉಪಶಮನ. 15 ಕೆ.ಜಿ.ಗಿಂತ ಹೆಚ್ಚು ಇಳಿಸಿದವರಲ್ಲಂತೂ ಶೇ. 86. ಎರಡನೆಯ ವರ್ಷಕ್ಕೆ ಮೊದಲಿನ 46 ಇಳಿದು 36 ಆಯಿತು. ತೂಕ ವಾಪಸ್ ಬಂದ ಹಾಗೆ ಶುಗರೂ ವಾಪಸ್ ಬಂತು.

ಖರ್ಚು ಅತಿ ಕಡಿಮೆ, ಶರೀರಕ್ಕೆ ಕತ್ತರಿ ಬೀಳುವುದಿಲ್ಲ, ಬೇಡವಾದರೆ ಬಿಡಬಹುದು. ಹೊಸದಾಗಿ ಶುಗರ್ ಬಂದವರು ಇದನ್ನು ಒಮ್ಮೆ ಮನಸ್ಸಿಟ್ಟು ಮಾಡದೆ ಆಪರೇಷನ್ ಕಡೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಆದರೆ ನಿಮ್ಮಷ್ಟಕ್ಕೆ ನೀವೇ ಶುರುಮಾಡಬೇಡಿ. ಗ್ಲಿಮಿಪಿರೈಡ್ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಳ್ಳುತ್ತಾ ಊಟ ಕಡಿಮೆ ಮಾಡಿದರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಇದ್ದರೆ ಊಟ ಕಡಿಮೆಯಾದಾಗ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಅಪಾಯವಿದೆ. ಮಾತ್ರೆ ಹೊಂದಿಸಿದ ಮೇಲೆಯೇ ಪಥ್ಯ.

ವಾರದ ಇಂಜೆಕ್ಷನ್

ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಇವು ಕರುಳಿನ ಹಾರ್ಮೋನನ್ನು ಅನುಕರಿಸಿ ಹಸಿವು ತಗ್ಗಿಸುತ್ತವೆ, ಊಟವಾದಾಗ ಇನ್ಸುಲಿನ್ ಏರಿಸುತ್ತವೆ. ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಡೋಸ್ ತೆಗೆದುಕೊಂಡ ಶುಗರ್ ರೋಗಿಗಳು ಒಂದೂವರೆ ವರ್ಷದಲ್ಲಿ ಸರಾಸರಿ ಶೇ. 15ರಷ್ಟು ತೂಕ ಕಳೆದುಕೊಂಡರು. ಹಿಂದೆ ಇಷ್ಟು ತೂಕ ಇಳಿಯಬೇಕಾದರೆ ಆಪರೇಷನ್ನೇ ಆಗಬೇಕಿತ್ತು. ಆದ್ದರಿಂದ ಐದಾರು ವರ್ಷ ಹಳೆಯ ಸಲಹೆಯನ್ನು ಈಗ ಹಾಗೇ ಒಪ್ಪಿಕೊಳ್ಳಬೇಡಿ. ಅಕ್ಕನ ಸರದಿ ಬಂದಾಗ ಈ ಆಯ್ಕೆ ನಮ್ಮ ಮುಂದೆ ಇರಲೇ ಇಲ್ಲ.

ತೊಡಕು ಇರುವುದು ನಿಲ್ಲಿಸಿದ ಮೇಲೆ. ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಮರಳಿತು. ಅಂದರೆ ಇದು ಬಿಪಿ ಮಾತ್ರೆಯಂತೆ ಮುಂದುವರಿಯುವ ಖರ್ಚು. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಲ್ಲಿ ಭಾರತಕ್ಕೆ ಬಂದಾಗ 5 ಮಿ.ಗ್ರಾಂ. ವಯಲ್‌ಗೆ 4,375 ರೂಪಾಯಿ ಇತ್ತು. ಆ ದರದಲ್ಲಿ ವಾರಕ್ಕೊಂದರಂತೆ ತಿಂಗಳಿಗೆ 17,500, ವರ್ಷಕ್ಕೆ ಎರಡು ಲಕ್ಷ ದಾಟುತ್ತಿತ್ತು. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ದೇಶೀ ಕಂಪನಿಗಳೂ ತಯಾರಿಸಬಹುದಾದ್ದರಿಂದ ಅಂದಂದಿನ ದರವನ್ನು ಔಷಧದ ಅಂಗಡಿಯಲ್ಲೇ ವಿಚಾರಿಸಿ ಲೆಕ್ಕ ಹಾಕಿ. ವಾಕರಿಕೆ, ಮಲಬದ್ಧತೆ ಸಾಮಾನ್ಯ. ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಆಗಿದ್ದರೆ ಅಥವಾ ಮನೆತನದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಸ್ಲೀವ್, ಬೈಪಾಸ್, ಮಿನಿ ಬೈಪಾಸ್

ಬೈಪಾಸ್ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಹೃದಯದ ಆಪರೇಷನ್ ಅಂದುಕೊಳ್ಳುತ್ತಾರೆ. ಇದು ಜಠರದ ಬೈಪಾಸ್. ಮೂರನ್ನೂ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಲ್ಯಾಪ್ರೊಸ್ಕೋಪಿಯಲ್ಲಿ ಮಾಡುತ್ತಾರೆ. ಅನುಭವಿಗಳ ಕೈಯಲ್ಲಿ ಸಾವಿನ ಅಪಾಯ ಸಾವಿರಕ್ಕೆ ಒಂದರಿಂದ ಮೂರು, ಪಿತ್ತಕೋಶ ತೆಗೆಯುವ ಆಪರೇಷನ್‌ಗೆ ಹತ್ತಿರ ಹತ್ತಿರ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಕೊಳವೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಹುಟ್ಟುವ ಭಾಗವೂ ಅದರೊಂದಿಗೆ ಹೋಗುತ್ತದೆ. ಕರುಳಿಗೆ ಕೈ ಹಾಕುವುದಿಲ್ಲವಾದ್ದರಿಂದ ವಿಟಮಿನ್ ಕೊರತೆ ಬೈಪಾಸ್‌ಗಿಂತ ಕಡಿಮೆ. ತೆಗೆದ ಜಠರವನ್ನು ಮತ್ತೆ ಕೂಡಿಸಲಾಗದು. ಒಳಗಿನ ಒತ್ತಡ ಹೆಚ್ಚಿ ಎದೆಯುರಿ ಹೊಸದಾಗಿ ಶುರುವಾಗಬಹುದು, ಇದ್ದದ್ದು ಜಾಸ್ತಿಯಾಗಬಹುದು. ಅಕ್ಕ ಈಗಲೂ ಎರಡು ದಿಂಬು ಏರಿಸಿಕೊಂಡೇ ಮಲಗುತ್ತಾಳೆ.

ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಚೀಲ ಮಾಡಿ, ಅದನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ನೇರ ಜೋಡಿಸುತ್ತಾರೆ. ಉಳಿದ ಜಠರವೂ ಕರುಳಿನ ಮೊದಲ ಭಾಗವೂ ಒಳಗೇ ಇರುತ್ತವೆ, ಊಟ ಮಾತ್ರ ಅಲ್ಲಿ ಹಾಯುವುದಿಲ್ಲ. ಅರೆಜೀರ್ಣವಾದ ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪಿದಾಗ ಜಿಎಲ್‌ಪಿ-1 ಎಂಬ ಹಾರ್ಮೋನ್ ಹಲವು ಪಟ್ಟು ಏರುತ್ತದೆ. ಇಂಜೆಕ್ಷನ್‌ಗಳು ಅನುಕರಿಸುವುದೂ ಇದನ್ನೇ. ಹಾಗಾಗಿಯೇ ತೂಕ ಇನ್ನೂ ಇಳಿಯದೆ ಇರುವಾಗಲೇ, ಆಪರೇಷನ್ ಆದ ಕೆಲವೇ ದಿನಗಳಲ್ಲಿ ಶುಗರ್ ಇಳಿಯುವುದನ್ನು ವೈದ್ಯರು ಕಂಡರು. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಪೋರಿಸ್ 1995ರಲ್ಲಿ ಇದನ್ನು ಬರೆದಾಗ ‘ಯಾರು ತಾನೆ ಊಹಿಸಿದ್ದರು’ ಎಂದೇ ಲೇಖನದ ಶೀರ್ಷಿಕೆ ಶುರುಮಾಡಿದ್ದರು.

ಶುಗರ್ ವಿಷಯದಲ್ಲಿ ಬೈಪಾಸ್ ಸ್ಲೀವ್‌ಗಿಂತ ಮೇಲೆ. ನಾರ್ವೆಯ ಓಸೆಬರ್ಗ್ ಅಧ್ಯಯನದಲ್ಲಿ ಒಂದು ವರ್ಷದ ಉಪಶಮನ ಬೈಪಾಸ್‌ಗೆ ಶೇ. 74, ಸ್ಲೀವ್‌ಗೆ ಶೇ. 47. ಎದೆಯುರಿ ಇರುವವರಿಗೂ ಬೈಪಾಸೇ ಹೊಂದುತ್ತದೆ. ಅದಕ್ಕೆ ಪ್ರತಿಯಾಗಿ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ವಿಟಮಿನ್ ಮಾತ್ರೆ ಸಾಯುವತನಕ ತಪ್ಪಿಸುವ ಹಾಗಿಲ್ಲ. ಸಿಹಿ ತಿಂದರೆ ಬೆವರು, ಎದೆಬಡಿತ, ಭೇದಿ. ಮಂಡಿನೋವಿಗೆಂದು ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ನುಂಗುತ್ತಿದ್ದರೆ ಅಥವಾ ಸಿಗರೇಟು ಸೇದಿದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಹೆಂಡ ಬೇಗ ತಲೆಗೇರುತ್ತದೆ, ಕೆಲವರಿಗೆ ಚಟವೂ ಅಂಟುತ್ತದೆ. ವರ್ಷಗಳ ನಂತರವೂ ಕರುಳು ಸಿಕ್ಕಿಕೊಂಡು ತುರ್ತು ಆಪರೇಷನ್ ಬೇಕಾಗಬಹುದು, ಆದ್ದರಿಂದ ಜೋರು ಹೊಟ್ಟೆನೋವು ಬಂದರೆ ಗ್ಯಾಸ್ ಎಂದು ಸುಮ್ಮನಿರಬಾರದು.

ಮಿನಿ ಬೈಪಾಸ್‌ನಲ್ಲಿ ಎರಡು ಜೋಡಣೆಯ ಬದಲು ಒಂದೇ. ಸಮಯ ಕಡಿಮೆ, ಶುಗರ್ ಮೇಲೆ ಪರಿಣಾಮ ಚೆನ್ನಾಗಿದೆ, ನಮ್ಮ ದೇಶದಲ್ಲಿ ಬಹಳ ನಡೆಯುತ್ತದೆ. ಪಿತ್ತರಸ ಮೇಲಕ್ಕೆ ಬರುವ ತೊಂದರೆ ಮತ್ತು ಪೋಷಕಾಂಶದ ಕೊರತೆ ಇದರ ದೌರ್ಬಲ್ಯ. ಫ್ರಾನ್ಸಿನ ಯೊಮೆಗಾ ಅಧ್ಯಯನದಲ್ಲಿ ತೂಕ ಇಳಿಕೆ ಸಾಮಾನ್ಯ ಬೈಪಾಸ್‌ನಷ್ಟೇ ಇತ್ತು, ಪೋಷಣೆಯ ತೊಂದರೆ ಮಾತ್ರ ಹೆಚ್ಚು ಕಂಡಿತು. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು ಇದನ್ನು ಒಪ್ಪುವ ಮುನ್ನ ಎರಡು ಸಲ ಯೋಚಿಸಿ.

ಯಾವುದೂ ಶಾಶ್ವತವಲ್ಲ ಎಂಬುದಕ್ಕೆ ದೀರ್ಘ ಲೆಕ್ಕವೂ ಇದೆ. ಅಮೆರಿಕದ ನಾಲ್ಕು ಅಧ್ಯಯನಗಳ 262 ರೋಗಿಗಳನ್ನು ಒಟ್ಟಿಗೆ ಹಿಂಬಾಲಿಸಿದಾಗ ಏಳನೆಯ ವರ್ಷಕ್ಕೆ ಉಪಶಮನದಲ್ಲಿದ್ದವರು ಆಪರೇಷನ್ ಗುಂಪಿನಲ್ಲಿ ಶೇ. 18, ಔಷಧ ಮತ್ತು ಜೀವನಶೈಲಿಯ ಗುಂಪಿನಲ್ಲಿ ಶೇ. 6. ಆಪರೇಷನ್ ಗುಂಪಿನಲ್ಲಿ, ಜಠರಕ್ಕೆ ಪಟ್ಟಿ ಬಿಗಿಯುವ, ಈಗ ಬಹುಮಟ್ಟಿಗೆ ಕೈಬಿಟ್ಟಿರುವ ಬ್ಯಾಂಡ್ ಹಾಕಿಸಿಕೊಂಡವರೂ ಇದ್ದರು. ಶೇ. 18 ಕೇಳಿ ನಿರಾಶೆ ಬೇಡ: ಆಪರೇಷನ್ ಗುಂಪಿನಲ್ಲಿ ಒಟ್ಟಾರೆ ಸರಾಸರಿ ಸಕ್ಕರೆ ತಗ್ಗಿಯೇ ಇತ್ತು, ಔಷಧವೂ ಕಡಿಮೆ ಸಾಕಾಯಿತು.

ಅಡುಗೆಮನೆಯಲ್ಲಿ

ಇದನ್ನು ಯಾವ ಆಸ್ಪತ್ರೆಯ ಕರಪತ್ರದಲ್ಲೂ ನಾನು ಓದಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೊದಲ ವಾರ ಅಕ್ಕ ಕೆಮ್ಮಿನ ಔಷಧದ ಪ್ಲಾಸ್ಟಿಕ್ ಲೋಟದಲ್ಲಿ, 30 ಮಿ.ಲೀ. ಗೆರೆಯವರೆಗೆ ಬೇಳೆಕಟ್ಟು ಹಾಕಿಕೊಂಡು, ಗಡಿಯಾರ ನೋಡುತ್ತಾ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಒಂದು ಲೋಟಕ್ಕೆ ಕಾಲು ಗಂಟೆ. ಎರಡು ತಿಂಗಳ ನಂತರ ಗಟ್ಟಿ ಊಟ ಶುರುವಾದಾಗ ಮುದ್ದೆಯ ಪ್ರಶ್ನೆ ಬಂತು. ನಮ್ಮ ಮನೆಯಲ್ಲಿ ಮುದ್ದೆ ಅಗಿಯುವ ಪದ್ಧತಿಯೇ ಇಲ್ಲ, ಸಾರಲ್ಲಿ ಅದ್ದಿ ನುಂಗುವುದು. ಹೊಸ ಜಠರಕ್ಕೆ ಅಗಿಯದ ತುತ್ತು ಇಳಿಯುವುದಿಲ್ಲ. ಮೊದಲ ತುತ್ತಿಗೇ ಎದೆ ಹಿಡಿದುಕೊಂಡು ಎದ್ದು ಹೋದವಳು ಇವತ್ತಿಗೂ ಮುದ್ದೆ ಮುಟ್ಟಿಲ್ಲ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು; ಅಂದರೆ ಕೊನೆಗೆ ಮಜ್ಜಿಗೆ ಅನ್ನವೂ ಇಲ್ಲ, ಮೊದಲು ಪ್ರೊಟೀನ್. ದಿನಕ್ಕೆ 60 ಗ್ರಾಂ ಪ್ರೊಟೀನ್ ಬೇಕು. ಅಂಗೈಯಷ್ಟು ಊಟದಲ್ಲಿ ಅಷ್ಟು ಸೇರಿಸಲು ಮೊಟ್ಟೆ, ಪನೀರ್, ಗಟ್ಟಿ ಮೊಸರು, ಚೆನ್ನಾಗಿ ಬೆಂದ ಮೊಳಕೆಕಾಳು ದಿನವೂ ಲೆಕ್ಕವಿಟ್ಟು ತಿನ್ನಬೇಕು.

ಎರಡನೆಯ ವರ್ಷ ಅಕ್ಕನ ಪಾದ ಜುಮುಗುಟ್ಟಲು ಶುರುವಾಯಿತು. ಶುಗರ್‌ನಿಂದ ನರ ಹೋಗಿದೆ ಎಂದು ಎಲ್ಲರೂ ಅಂದುಕೊಂಡೆವು. ಬೇರೊಬ್ಬ ವೈದ್ಯರು ಬಿ12 ಪರೀಕ್ಷೆ ಬರೆದುಕೊಟ್ಟಾಗ ಗೊತ್ತಾಯಿತು, ಅದು ತಳ ಕಂಡಿತ್ತು. ಆಪರೇಷನ್ ಮಾಡಿದ ಕಡೆ ಡಿಸ್ಚಾರ್ಜ್ ಚೀಟಿಯಲ್ಲಿ ಮೂರು ತಿಂಗಳಿಗೆ ಮಾತ್ರ ವಿಟಮಿನ್ ಬರೆದಿದ್ದರು. ಆಮೇಲೆ ಯಾರೂ ಕೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟು ಸರಿಯಾಯಿತು. ಆ ಎಂಟು ತಿಂಗಳು ಅವಳು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರಿ ಮತ್ತೆ ಬರುತ್ತದೆ, ಅದಕ್ಕೆ ಹೆದರಬೇಡಿ. ಮಕ್ಕಳಾಗಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಆಪರೇಷನ್ ಆದಮೇಲೆ ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಕಣ್ಣಿನ ರೆಟಿನಾ ಪರೀಕ್ಷೆ ಮೊದಲೇ ಆಗಿರಲಿ, ಶುಗರ್ ಥಟ್ಟನೆ ಇಳಿದಾಗ ಹಳೆಯ ರೆಟಿನಾ ತೊಂದರೆ ಕೆಲವರಿಗೆ ಉಲ್ಬಣಿಸುತ್ತದೆ.

ದುಡ್ಡು ಮತ್ತು ವಿಮೆ

ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸ್ಲೀವ್‌ಗೆ ಅಂದಾಜು ಮೂರರಿಂದ ಐದು ಲಕ್ಷ, ಬೈಪಾಸ್‌ಗೆ ಸ್ವಲ್ಪ ಹೆಚ್ಚು. ಸ್ಟೇಪ್ಲರ್, ಐಸಿಯು, ಒಂದು ವರ್ಷದ ವಿಟಮಿನ್ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. ವರ್ಷಕ್ಕೆ ಎರಡು ಲಕ್ಷದ ಇಂಜೆಕ್ಷನ್ ಜೊತೆ ಹೋಲಿಸಿದರೆ ಎರಡು ಮೂರು ವರ್ಷದಲ್ಲಿ ಆಪರೇಷನ್ ಅಗ್ಗವಾಗುತ್ತದೆ. ಸೆಮಾಗ್ಲುಟೈಡ್ ದರ ಇಳಿದಷ್ಟೂ ಈ ಲೆಕ್ಕ ಬದಲಾಗುತ್ತದೆ.

ವಿಮೆಯಲ್ಲಿ ದೊಡ್ಡ ಕಂದಕವಿದೆ. ವಿಮಾ ನಿಯಂತ್ರಕ ಐಆರ್‌ಡಿಎಐ ನಿಗದಿಪಡಿಸಿದ ಷರತ್ತಿನಂತೆ ಬಿಎಂಐ 40 ಇರಬೇಕು, ಅಥವಾ 35 ಇದ್ದು ಜೊತೆಗೆ ಹತೋಟಿಗೆ ಬಾರದ ಟೈಪ್ 2 ಶುಗರ್, ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾದಂಥ (ನಿದ್ದೆಯಲ್ಲಿ ಉಸಿರು ಕಟ್ಟುವ) ಕಾಯಿಲೆ ಇದ್ದು, ಬೇರೆ ವಿಧಾನಗಳು ಫಲಿಸಿರಬಾರದು. ಅದಕ್ಕಿಂತ ಕೆಳಗಿನವರಿಗೆ ದುಡ್ಡು ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲ. ವೈದ್ಯಕೀಯ ಮಾರ್ಗಸೂಚಿ ನಮ್ಮವರಿಗೆ 32.5 ಸಾಕು ಅನ್ನುತ್ತದೆ, ವಿಮೆ 35 ಕೇಳುತ್ತದೆ. ಭಾರತದ ಬಹುಪಾಲು ಶುಗರ್ ರೋಗಿಗಳು 35 ತಲುಪುವುದೇ ಇಲ್ಲ. ಇದು ನಮ್ಮ ಜನರಿಗೆ ಆಗುತ್ತಿರುವ ಅನ್ಯಾಯ, ಬದಲಾಗಲೇಬೇಕು. 35 ಮುಟ್ಟಲು ತೂಕ ಏರಿಸಿಕೊಳ್ಳಿ ಎಂದು ಏಜೆಂಟರು ಹೇಳಿದರೆ ದಯವಿಟ್ಟು ಕೇಳಬೇಡಿ.

ಆ ಮೂವರಿಗೆ ಹೇಳಿದ್ದು

ಸಾಫ್ಟ್‌ವೇರ್ ಹುಡುಗನಿಗೆ: ಈಗ ಆಪರೇಷನ್ ಬೇಡ. ವೈದ್ಯರ ಕಣ್ಗಾವಲಿನಲ್ಲಿ ನಾಲ್ಕು ತಿಂಗಳು ಪಥ್ಯ, 12ರಿಂದ 15 ಕೆ.ಜಿ. ಗುರಿ. ಆಗದಿದ್ದರೆ ಇಂಜೆಕ್ಷನ್. ಅವನಿಗೆ ಈಗಿರುವಷ್ಟು ಒಳ್ಳೆಯ ಅವಕಾಶ ಮತ್ತೆ ಬರುವುದಿಲ್ಲ.

ಅಂಗಡಿ ಮಾಲೀಕರಿಗೆ: ಮೊದಲು ಸಿ-ಪೆಪ್ಟೈಡ್. ಅದು ತೀರಾ ಕಡಿಮೆ ಬಂದರೆ ಆಪರೇಷನ್ ಮಾಡಿಸಿಕೊಂಡೂ ಇನ್ಸುಲಿನ್ ತಪ್ಪುವುದಿಲ್ಲ, ಐದು ಲಕ್ಷದ ಸಾಲ ಮಾತ್ರ ಉಳಿಯುತ್ತದೆ. ಚೆನ್ನಾಗಿ ಬಂದರೆ ಇನ್ಸುಲಿನ್ ಜೊತೆ ವಾರದ ಇಂಜೆಕ್ಷನ್ ಆರು ತಿಂಗಳು ನೋಡಿ, ಆಮೇಲೆ ಶಸ್ತ್ರವೈದ್ಯರ ಬಳಿ ಹೋಗುವುದು ಮೇಲು. ಅವರು ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾರೆ.

ಶಿಕ್ಷಕಿಯ ವಿಷಯವೇ ಕಷ್ಟದ್ದು, ಆಪರೇಷನ್ ನಿಜವಾಗಿ ಫಲಿಸುವುದು ಅವರಂಥವರಿಗೇ. ಮೂರು ವರ್ಷದ ಶುಗರ್, ಮೂರು ಮಾತ್ರೆಗೂ ಬಗ್ಗದ ಸರಾಸರಿ, ಪಥ್ಯ ಎರಡು ಸಲ ಮಾಡಿ ಸೋತಿದ್ದಾರೆ. 33.8ಕ್ಕೆ ವಿಮೆ ಸಿಗದು, ಕೈಯಿಂದ ಹಾಕಬೇಕು. ಎದೆಯುರಿ ಇಲ್ಲ, ಮೊಟ್ಟೆ ತಿನ್ನುತ್ತಾರೆ, ಆದರೆ ಮಂಡಿನೋವಿಗೆ ಆಗಾಗ ಮಾತ್ರೆ ನುಂಗುತ್ತಾರೆ. ಶುಗರ್ ಒಂದನ್ನೇ ನೋಡಿದರೆ ಬೈಪಾಸ್, ಆ ಮಾತ್ರೆ ಬಿಡಲಾಗದಿದ್ದರೆ ಸ್ಲೀವ್. ಮುಂದಿನ ತಿಂಗಳು ಅವರು ಇಬ್ಬರು ಶಸ್ತ್ರವೈದ್ಯರನ್ನು ಕಾಣಲಿದ್ದಾರೆ. ಇಬ್ಬರನ್ನೂ ಕೇಳಲು ನಾನು ಒಂದು ಪ್ರಶ್ನೆ ಬರೆದುಕೊಟ್ಟಿದ್ದೇನೆ: ‘ಐದು ವರ್ಷದ ಹಿಂದೆ ನೀವು ಆಪರೇಷನ್ ಮಾಡಿದ ಶುಗರ್ ರೋಗಿಗಳಲ್ಲಿ ಎಷ್ಟು ಜನ ಈಗಲೂ ನಿಮ್ಮ ಹತ್ತಿರ ತಪಾಸಣೆಗೆ ಬರುತ್ತಾರೆ?’